ದೊಡ್ಡಮ್ಮ ಮತ್ತು ಕಾರಿನ ಕೋಣೆಯ ನೆಲ

ನಮ್ಮ ದೊಡ್ಡಮ್ಮ ಭೂಮಿ ಚಪ್ಪಟೆಯಾಗಿದೆ ಎಂದು ನಂಬಿದವರಲ್ಲ. ಚಪ್ಪಟೆಯಾಗಿರಬೇಕಿತ್ತು ಎಂದು ನಂಬಿದವರು! ಅದನ್ನು ಉರುಟಾಗಿ ಮಾಡಿದ್ದು ಯಾರೇ ಇರಲಿ, ಅವರಿಗೆ ನೆಲದ ಮೇಲೆ ಕೂತು ಕೆಲಸ ಮಾಡಿ ಗೊತ್ತಿಲ್ಲ ಎಂಬುದು ಅವರ ಅಭಿಪ್ರಾಯ.

ಇಲ್ಲಿ ನಾನು ಹೇಳುವುದರಲ್ಲಿ ಬಣ್ಣ ಕಟ್ಟಿದ್ದು ಏನೂ ಇಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತಿದ್ದೇನೆ, ಕಾಣದ್ದನ್ನು ಹೆಂಡತಿ ಹೇಳಿದ ಹಾಗೆ ಬರೆಯುತ್ತಿದ್ದೇನೆ. ಒಂದು ತೊಂದರೆ ಉಂಟು. ದೊಡ್ಡಮ್ಮ ಮಾತಾಡುವುದು ತುಳುವಿನಲ್ಲಿ. ಕನ್ನಡಕ್ಕೆ ತರುವಷ್ಟರಲ್ಲಿ ಅರ್ಧ ಬಿಸಿ ಆರಿರುತ್ತದೆ. ಆ ಬಿಸಿಯನ್ನು ಓದುವವರೇ ಸೇರಿಸಿಕೊಳ್ಳಬೇಕು.

ಅವರು ನನ್ನ ಅಮ್ಮನ ಅಕ್ಕ. ಅಮ್ಮ ತೀರಿಹೋದ ಮೇಲೆ ಬೀಡಿ ಕಟ್ಟಿ ನನ್ನನ್ನು ಸಾಕಿದವರು. ಆದ್ದರಿಂದ ಅವರ ಮೇಲೆ ಸಿಟ್ಟು ಮಾಡುವ ಹಕ್ಕು ನನಗಿಲ್ಲ ಎಂದು ಊರಿನವರು ಹೇಳುತ್ತಾರೆ. ಊರಿನವರಿಗೇನು, ಅವರ ಮನೆಯ ನೆಲಕ್ಕೆ ಕಾಂಕ್ರೀಟು ಹಾಕಿಸುವಾಗ ದೊಡ್ಡಮ್ಮ ಅಲ್ಲಿದ್ದರೇ?

ಯಾರ ಮನೆಗೆ ಹೋದರೂ ದೊಡ್ಡಮ್ಮ ಕುರ್ಚಿಯಲ್ಲಿ ಕೂರುವುದಿಲ್ಲ. ನೆಲದಲ್ಲಿ ಕೂತು, ಸೊಂಟದ ಚೀಲದಿಂದ ಒಂದು ಅಡಿಕೆ ತೆಗೆದು ಮುಂದೆ ಇಡುತ್ತಾರೆ. ಅಡಿಕೆ ನಿಂತರೆ ಮಾತಿಲ್ಲ. ಉರುಳಿತೋ, ತೀರ್ಪು ಬರುತ್ತದೆ: "ನಿಮ್ಮ ನೆಲ ಪಡುವಿಗೆ ಇಳಿದಿದೆ." ಗೃಹಪ್ರವೇಶದ ದಿನ ಇಂಥ ಮಾತು ಕೇಳಿದ ಮನೆಯವರ ಮುಖ ಹೇಗಿರಬಹುದು ಹೇಳಿ!

ನನಗೆ ಹೆಣ್ಣು ನೋಡಲು ಶಿರ್ತಾಡಿಗೆ ಹೋದಾಗ ಆದದ್ದನ್ನು ಹೇಳಿದರೆ ನಿಮಗೆ ಪೂರ್ತಿ ಅರ್ಥವಾಗುತ್ತದೆ. ಹುಡುಗಿಯ ಅಪ್ಪ ಮನೆಯ ಮುಂದಿನ ಚಾವಡಿಗೆ ಹೊಸದಾಗಿ ಕೆಂಪು ಸಿಮೆಂಟಿನ ನೆಲ ಮಾಡಿಸಿದ್ದರು. ಮುಖ ಕಾಣುವಷ್ಟು ನಯ! ಹುಡುಗಿ ಬಂದು ಶರಬತ್ತು ಕೊಟ್ಟು ಒಳಗೆ ಹೋದಳು. ದೊಡ್ಡಮ್ಮ ಅಡಿಕೆ ಇಟ್ಟರು. ಅದು ನಿಧಾನವಾಗಿ ಹೊರಟು, ಎಲ್ಲರೂ ನೋಡುತ್ತಿರುವಂತೆಯೇ ಚಾವಡಿ ದಾಟಿ, ಹುಡುಗಿಯ ಅಪ್ಪನ ಹೆಬ್ಬೆರಳಿಗೆ ತಾಗಿ ನಿಂತಿತು.

ಅವರು ಗಂಟಲು ಸರಿಮಾಡಿಕೊಂಡು, "ಹುಡುಗಿ ಹೇಗೆ?" ಎಂದರು.

"ಹುಡುಗಿ ಸರಿ ಉಂಟು. ನೆಲ ಸರಿ ಇಲ್ಲ."

ಮದುವೆ ನಡೆಯಿತು, ಅದೇ ಮನೆಯಲ್ಲಿ, ಅಂಗಳಕ್ಕೆ ಚಪ್ಪರ ಹಾಕಿ, ಚಾವಡಿಯಲ್ಲಿ ಮಂಟಪ ಕಟ್ಟಿ. ಆದರೆ ಆ ದಿನ ಮಾವ ಚಾವಡಿಯಿಡೀ ತೆಂಗಿನ ನಾರಿನ ಚಾಪೆ ಹಾಸಿಬಿಟ್ಟಿದ್ದರು. "ಈಗ ಉರುಳಿಸಲಿ ನೋಡುವ, ನಿಮ್ಮ ದೊಡ್ಡಮ್ಮ!" ಎಂದು ನನ್ನ ಕಿವಿಯಲ್ಲಿ ಹೇಳಿದರು. ದೊಡ್ಡಮ್ಮ ಚಾಪೆಯನ್ನು ನೋಡಿ ಬಹಳ ಸಂತೋಷಪಟ್ಟರು. ಅವರು ಯಾಕೆ ಸಂತೋಷಪಡಬೇಕು? ಸೋತವರು ಸಂತೋಷಪಟ್ಟರೆ ಗೆದ್ದವರಿಗೆ ಏನು ಸುಖ? ಮಾವ ಇಂದಿಗೂ ಆ ವಿಷಯ ಎತ್ತಿದರೆ ಊಟ ಬಿಟ್ಟು ಏಳುತ್ತಾರೆ.

ಇನ್ನು ನನ್ನ ಕಥೆ.

ನಮ್ಮ ಮನೆ ಪಾಣೆಮಂಗಳೂರಿನಿಂದ ಸ್ವಲ್ಪ ಒಳಗೆ, ಒಂದು ಏರಿನಲ್ಲಿದೆ. ಮನೆ ಮೇಲೆ, ರಸ್ತೆ ಕೆಳಗೆ. ಮನೆಯ ಅಡಿಯಲ್ಲಿ ರಸ್ತೆಗೆ ಬಾಯಿ ತೆರೆದ ಒಂದು ದೊಡ್ಡ ಕೋಣೆ ಇದೆ. ಆಗ ಅದಕ್ಕೆ ಇದ್ದದ್ದು ಸೆಗಣಿ ಸಾರಿಸಿದ ಮಣ್ಣಿನ ನೆಲ. ಮಧ್ಯಾಹ್ನದ ಊಟ ಆದ ಮೇಲೆ ಅಲ್ಲಿ ದೊಡ್ಡಮ್ಮನ ದರ್ಬಾರು. ನೆರೆಯ ಹೆಂಗಸರು ಮೊರದ ಹಾಗಿನ ತಡ್ಪೆಯಲ್ಲಿ ಬೀಡಿ ಎಲೆ, ಹೊಗೆಸೊಪ್ಪು, ನೂಲು ಇಟ್ಟುಕೊಂಡು ಬರುತ್ತಿದ್ದರು. ಸಂಜೆ ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಡಲು ಹೋಗುವ ತನಕ ಕೈಗೂ ಬಾಯಿಗೂ ಬಿಡುವಿಲ್ಲ. ಆ ಕೋಣೆಯಲ್ಲಿ ತೀರ್ಮಾನವಾಗದ ಮದುವೆ ನಮ್ಮ ಊರಿನಲ್ಲಿ ನಡೆದದ್ದಿಲ್ಲ.

ಅವರಲ್ಲಿ ಹಳಬರು ಆಚೆಮನೆಯ ಐಸಮ್ಮ. ಸಣ್ಣ ಪ್ರಾಯದಲ್ಲಿ ಜ್ವರ ಬಂದು ಒಂದು ಕಾಲು ಸೋತಿದೆ. ಅದನ್ನು ಬೀಸಿ ಹಾಕಿ ನಡೆಯುತ್ತಾರೆ, ಆದರೆ ಯಾರಾದರೂ ಕೈ ಕೊಡಲು ಹೋದರೆ ಸುಟ್ಟುಬಿಡುವ ಹಾಗೆ ನೋಡುತ್ತಾರೆ. ನಾನು ಶಾಲೆಗೆ ಸೇರುವ ಮೊದಲಿನಿಂದಲೂ ದೊಡ್ಡಮ್ಮನೂ ಅವರೂ ಒಂದೇ ಗೋಡೆಗೆ ಬೆನ್ನು ಕೊಟ್ಟು ಬೀಡಿ ಕಟ್ಟಿದವರು. ನನ್ನನ್ನು ಅವರು ಕರೆಯುವುದು "ಮೋನೆ" ಎಂದು. ಬ್ಯಾರಿ ಮಾತಿನಲ್ಲಿ ಮಗನೇ ಎಂದು ಅರ್ಥ.

ತೊಂಬತ್ತರ ದಶಕದ ಕೊನೆಯಲ್ಲಿ ನನಗೆ ಬೆಳ್ತಂಗಡಿಗೆ ವರ್ಗವಾಯಿತು. ಬಿ.ಸಿ.ರೋಡಿನಲ್ಲಿ ಬಸ್ಸಿಗೆ ನೇತಾಡಿ ಸಾಕಾಗಿ ಒಂದು ಹಳೆಯ ಬಿಳಿ ಕಾರು ತೆಗೆದುಕೊಂಡೆ. ರಸ್ತೆ ಬದಿಯ ಹಲಸಿನ ಮರದ ಅಡಿಯಲ್ಲಿ ನಿಲ್ಲಿಸಿದ್ದೆ. ಒಂದು ಬೆಳಿಗ್ಗೆ ನೋಡುವಾಗ ಹಣ್ಣು ಬಿದ್ದು ಬಾನೆಟ್ಟು ಬಟ್ಟಲಿನ ಹಾಗೆ ತಗ್ಗಾಗಿದೆ. ಮನೆಯವರೆಲ್ಲ ಅಯ್ಯೋ ಎಂದರು. ದೊಡ್ಡಮ್ಮ ಬಂದು ನೋಡಿ, "ಬಕ್ಕೆ ಹಲಸು. ಒಳ್ಳೆ ಹಣ್ಣಾಗಿದೆ," ಎಂದು ಅದನ್ನು ಒಳಗೆ ಕೊಂಡುಹೋದರು.

ಅವತ್ತೇ ನಿರ್ಧರಿಸಿದೆ. ಕೆಳಗಿನ ಕೋಣೆಗೆ ಕಾಂಕ್ರೀಟು ಹಾಕಿಸಿ ಕಾರನ್ನು ಒಳಗಿಡುವುದು. ಹಗಲು ಕಾರು ಬೆಳ್ತಂಗಡಿಯಲ್ಲಿರುತ್ತದೆ, ಕೋಣೆ ಹೆಂಗಸರಿಗೆ. ರಾತ್ರಿ ಕಾರಿಗೆ. ಇದಕ್ಕಿಂತ ನ್ಯಾಯವಾದ ಪಾಲು ಯಾವ ಕೋರ್ಟಿನಲ್ಲಿ ಸಿಗುತ್ತದೆ?

"ಹಾಕಿಸು. ಯಾರು ಬೇಡ ಅಂದದ್ದು?" ಎಂದರು ದೊಡ್ಡಮ್ಮ. "ಮಟ್ಟಸ ಇರಬೇಕು, ಅಷ್ಟೆ."

"ಕಾರಿನ ಕೋಣೆಗೆ ಮಟ್ಟಸ ಆಗುವುದಿಲ್ಲ ದೊಡ್ಡಮ್ಮ. ರಸ್ತೆ ಕಡೆಗೆ ಇಳಿಜಾರು ಬೇಕು. ಕಾರು ತೊಳೆದ ನೀರು ಹೊರಗೆ ಹೋಗಬೇಡವಾ?"

"ತೊಳೆಯಲು ಹೊಳೆ ಇಲ್ವಾ? ಎಮ್ಮೆಗಳೆಲ್ಲ ಅಲ್ಲಿಗೇ ಹೋಗುವುದು."

"ಎಮ್ಮೆ ನಡೆದು ಹೋಗ್ತದೆ!"

"ನಿನ್ನ ಕಾರು ನಡೆಯುವುದಿಲ್ವಾ? ಮತ್ತೆ ಯಾಕೆ ತೆಗೆದದ್ದು?"

ಇಂಥವರೊಡನೆ ಏನು ಮಾತಾಡುವುದು? ಮೇಸ್ತ್ರಿಯನ್ನು ಕರೆಸಿದೆ. ಅವನು ಮಣ್ಣು ಅಗೆದು, ಜಲ್ಲಿ ಹಾಕಿ ಗುದ್ದಿದ. ನೀರು ತುಂಬಿದ ಟ್ಯೂಬು ಹಿಡಿದು ಮಟ್ಟ ನೋಡಿ, ಗೋಡೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿದ. ಒಳಗೆ ಎತ್ತರ, ಬಾಗಿಲಲ್ಲಿ ತಗ್ಗು. ನಾನು ನಿಶ್ಚಿಂತೆಯಿಂದ ಕಚೇರಿಗೆ ಹೋದೆ.

ಸಂಜೆ ಬಂದು ನೋಡಿದರೆ ಗುರುತುಗಳು ಬೇರೆ ಕಡೆ! ಹಳೆಯ ಗೆರೆಗೆ ಅಡ್ಡ ಎಳೆದು ಹೊಸ ಗೆರೆ ಹಾಕಿದೆ, ಒಳಗೂ ಹೊರಗೂ ಒಂದೇ ಎತ್ತರದಲ್ಲಿ. ನಾನು ಸಿಟ್ಟಿನಿಂದ ಮತ್ತೆ ಹಾಕಿಸಿದೆ. ಮರುದಿನ ಸಂಜೆ ಮತ್ತೆ ಬದಲು. ಹೀಗೆ ನಾನು ಇಳಿಸುವುದು, ದೊಡ್ಡಮ್ಮ ಏರಿಸುವುದು. ಕೊನೆಗೆ ಮೇಸ್ತ್ರಿಯನ್ನು ಹಿಡಿದು ಕೇಳಿದೆ: "ನೀನು ಯಾರ ಮಾತು ಕೇಳುವುದು ಮಾರಾಯ?"

"ನಾನು ಎಂತ ಮಾಡುವುದು ಸಾರ್? ನೀವು ಸಂಬಳ ಕೊಡುವುದು ಶನಿವಾರ. ಅವರು ಚಾ ಕೊಡುವುದು ದಿನಾಲೂ."

ಕಾಂಕ್ರೀಟು ಹಾಕುವ ದಿನ ರಜೆ ಹಾಕಿ ಬಾಗಿಲಲ್ಲೇ ನಿಂತೆ. ರಸ್ತೆಯಲ್ಲಿ ಸಿಮೆಂಟು, ಮರಳು, ಜಲ್ಲಿ ಕಲಸಿ ಆಯಿತು. ಆಳುಗಳು ಬಾಣಲೆ ಎತ್ತಿದರು. ಆಗ ದೊಡ್ಡಮ್ಮ ತಡ್ಪೆ ಹಿಡಿದುಕೊಂಡು ಮೆಟ್ಟಿಲಿಳಿದು ಬಂದು, ಜಲ್ಲಿಯ ಮೇಲೆ, ಕೋಣೆಯ ನಟ್ಟನಡುವೆ ಕಾಲು ಚಾಚಿ ಕೂತು ಬೀಡಿ ಕಟ್ಟಲು ಶುರುಮಾಡಿದರು.

"ಏಳಿ ದೊಡ್ಡಮ್ಮ!"

"ಮಟ್ಟಸ ಮಾಡ್ತೀಯಾ?"

"ಸಿಮೆಂಟು ಗಟ್ಟಿ ಆಗ್ತದೆ ಸಾರ್!" ಎಂದು ಮೇಸ್ತ್ರಿ ಕೂಗಿದ.

"ಆಗಲಿ. ನಾನೂ ಗಟ್ಟಿಯೇ," ಎಂದರು ದೊಡ್ಡಮ್ಮ.

ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಕೊನೆಗೆ ಹೆಂಡತಿ ಮೇಲಿನಿಂದ ರಾಜಿ ಕೂಗಿ ಹೇಳಿದಳು: ಒಳಗಿನ ಅರ್ಧ ಮಟ್ಟಸ, ಹೊರಗಿನ ಅರ್ಧ ಇಳಿಜಾರು. ದೊಡ್ಡಮ್ಮ ಅರೆಮನಸ್ಸಿನಿಂದ ಎದ್ದರು. ಮೇಸ್ತ್ರಿ ಗಡಿಬಿಡಿಯಲ್ಲಿ ಗೋಡೆಯ ಗುರುತು ನೋಡಿ ದಾರ ಕಟ್ಟಿದ. ಕಾಂಕ್ರೀಟು ಬಿತ್ತು. ಉದ್ದನೆಯ ಪಟ್ಟಿ ಎಳೆದು, ಕರಣೆಯಿಂದ ತಿಕ್ಕಿ ತಿಕ್ಕಿ ಕನ್ನಡಿಯ ಹಾಗೆ ನಯ ಮಾಡಿದ.

ನೆಲ ಗಟ್ಟಿಯಾದ ಮೇಲೆ ಮೊದಲ ಭಾನುವಾರ ಕಾರು ತೊಳೆದೆ. ನೀರು ರಸ್ತೆಗೆ ಹೋಗಲಿಲ್ಲ. ನಿಧಾನವಾಗಿ ತಿರುಗಿ ಒಳಗೆ ಹೊರಟಿತು! ಗೋಡೆಯಲ್ಲಿ ನಮ್ಮಿಬ್ಬರ ಗುರುತುಗಳು ಎಷ್ಟು ತುಂಬಿದ್ದವೆಂದರೆ ಮೇಸ್ತ್ರಿ ಯಾವುದೋ ಗೆರೆಯನ್ನು ನಂಬಿ ಬಾಗಿಲ ಕಡೆಯ ನೆಲವನ್ನು ಎತ್ತರ ಮಾಡಿ, ಇಳಿಜಾರನ್ನು ಒಳಕ್ಕೆ ಕೊಟ್ಟಿದ್ದ. ಸೋಪಿನ ನೀರು ಜಾರಿಹೋಗಿ ದೊಡ್ಡಮ್ಮನ ಮಟ್ಟಸ ಅರ್ಧದಲ್ಲಿ ಕೆರೆಯ ಹಾಗೆ ನಿಂತಿತು.

ದೊಡ್ಡಮ್ಮ ಮೆಟ್ಟಿಲ ಮೇಲಿನಿಂದ ನೋಡಿದರು. "ನೋಡಿದಿಯಾ? ನೀರಿಗೂ ಬುದ್ಧಿ ಉಂಟು. ಮಟ್ಟಸ ಇರುವಲ್ಲಿಗೇ ಬಂದು ಕೂತಿತು."

ಇದನ್ನೂ ನಾನು ಸಹಿಸಿದೆ. ಮುಂದಿನದನ್ನು ಹೇಗೆ ಸಹಿಸುವುದು?

ಮರುದಿನ ಕಚೇರಿಗೆ ರಜೆ, ಕಾರನ್ನು ಹೊರಗೆ ನಿಲ್ಲಿಸಿ ನಾನು ಊಟಕ್ಕೆ ಮನೆಯಲ್ಲೇ ಇದ್ದೆ. ಹೆಂಗಸರು ಬಹಳ ದಿನದ ಮೇಲೆ ತಡ್ಪೆ ಹಿಡಿದು ಬಂದರು. ಮುಂದೆ ಐಸಮ್ಮ. ಬಾಗಿಲಲ್ಲಿ ನಿಂತು ನೆಲ ನೋಡಿದರು. ಗೋಡೆ ಹಿಡಿದು ಒಂದು ಹೆಜ್ಜೆ ಇಟ್ಟರು. ಆಮೇಲೆ, "ಅಲ್ಲಾ, ಒಲೆಯಲ್ಲಿ ಹಾಲಿಟ್ಟು ಬಂದಿದ್ದೇನೆ," ಎಂದು ತಿರುಗಿ ಹೋದರು. ಉಳಿದವರೂ ಅವರ ಹಿಂದೆ ಹೋದರು. ಆಮೇಲೆ ಯಾರೂ ಬರಲಿಲ್ಲ.

ಮತ್ತೆ ನಾನು ಕಂಡದ್ದೇನು? ದೊಡ್ಡಮ್ಮ ಅಡುಗೆಮನೆಯ ಮೂಲೆಯಲ್ಲಿ, ಅಕ್ಕಿ ಡಬ್ಬಿಗೆ ಒರಗಿ, ಒಬ್ಬರೇ ಕೂತು ಬೀಡಿ ಕಟ್ಟುತ್ತಿದ್ದಾರೆ! ಒಂದು ದಿನ ನೋಡಿದೆ, ಎರಡು ದಿನ ನೋಡಿದೆ. ನನಗೆ ತಡೆಯಲಿಲ್ಲ.

"ಎಂಥದು ದೊಡ್ಡಮ್ಮ ಇದು? ಊರಿನವರ ಎದುರು ನನ್ನ ಮಾನ ತೆಗೆದು, ನೀರು ಒಳಗೆ ಬರುವ ಹಾಗೆ ಮಾಡಿ, ಮಟ್ಟಸ ನೆಲ ಮಾಡಿಸಿಕೊಂಡಿರಿ. ಈಗ ಅಲ್ಲಿ ಕೂರದೆ ಇಲ್ಲಿ ಯಾಕೆ?"

ಅವರು ನೂಲು ಸುತ್ತುತ್ತಲೇ ಹೇಳಿದರು. "ನನಗೆ ಮಾಡಿನ ಹೆಂಚಿನ ಮೇಲೆ ಕೂತರೂ ಆಗ್ತದೆ. ಮಟ್ಟಸ ಬೇಕಾದದ್ದು ಐಸಮ್ಮನಿಗೆ. ಆ ಕಾಲಿಗೆ ಇಳಿಜಾರು ಆಗುವುದಿಲ್ಲ, ನಯವೂ ಆಗುವುದಿಲ್ಲ. ನಿನ್ನ ಅರ್ಧವನ್ನು ದಾಟಿ ಅವಳು ನನ್ನ ಅರ್ಧಕ್ಕೆ ಬರುವುದು ಹೇಗೆ?"

"ಅಷ್ಟು ಮಾತು ಮೊದಲೇ ಹೇಳಬಹುದಿತ್ತಲ್ಲ!"

"ಎಂತ ಹೇಳುವುದು? ಐಸಮ್ಮನ ಕಾಲಿಗಾಗಿ ನೆಲ ಮಾಡಿಸು ಅಂತಲಾ? ನೀನು ಮೇಸ್ತ್ರಿಗೆ ಹೇಳ್ತಿ, ಮೇಸ್ತ್ರಿ ಊರಿಗೆ ಹೇಳ್ತಾನೆ. ಅದು ಕಿವಿಗೆ ಬಿದ್ದ ಮೇಲೆ ಅವಳು ಈ ಬಾಗಿಲಿಗೆ ಬರ್ತಾಳಾ? ನನಗೆ ನೆಲದ ಹುಚ್ಚು ಅಂತ ಎಲ್ಲರಿಗೂ ಗೊತ್ತುಂಟು. ಹಾಗೇ ಇರಲಿ."

"ಮತ್ತೆ... ಶಿರ್ತಾಡಿಯಲ್ಲಿ?"

"ಹುಡುಗಿ ಒಪ್ಪಿಗೆ ಆದರೆ ನಿನ್ನ ಮದುವೆ ಆ ಚಾವಡಿಯಲ್ಲೇ ಅಲ್ವಾ? ಐಸಮ್ಮ ಬರಬೇಡವಾ? ನಿನ್ನ ಮಾವ ಪಾಪ, ಚಾಪೆ ಹಾಕಿಸಿದರು."

ಆ ದಿನ ಐಸಮ್ಮ ಹೊಸ ಸೀರೆ ಉಟ್ಟು ಆ ಚಾಪೆಯ ಮೇಲೆ, ಯಾರ ಕೈಯನ್ನೂ ಹಿಡಿಯದೆ, ಮಂಟಪದ ತನಕ ನಡೆದು ಬಂದದ್ದು ನನಗೆ ಆಗ ನೆನಪಾಯಿತು. ಹೆಂಡತಿ ಒಲೆಯ ಕಡೆಗೆ ತಿರುಗಿ ನಿಂತಳು. ನಾನು ಹೊರಗೆ ಬಂದೆ.

ಮುಂದಿನ ವಾರವೇ ಮೇಸ್ತ್ರಿಯನ್ನು ಮತ್ತೆ ಕರೆಸಿದೆ. ಗೋಡೆಯ ಗುರುತುಗಳನ್ನೆಲ್ಲ ಒರೆಸಿ ಒಂದೇ ಒಂದು ಗೆರೆ ಹಾಕಿಸಿದೆ. "ಇಡೀ ನೆಲದ ಮೇಲೆ ಇನ್ನೊಂದು ಪದರ ಹಾಕು. ಈ ಮೂಲೆಯಿಂದ ಆ ಮೂಲೆಗೆ ಒಂದೇ ಮಟ್ಟ. ನಯ ಮಾಡಬೇಡ, ಒರಟೇ ಇರಲಿ. ಇಳಿಜಾರಿನಲ್ಲಿ ನಿಂತರೆ ಕಾರಿನ ಆಯುಷ್ಯ ಕಡಿಮೆಯಾಗ್ತದೆ," ಎಂದೆ.

ಮೇಸ್ತ್ರಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಸಾರ್, ನಿಮಗೂ ಹಿಡಿಯಿತಾ?"

ಅವನು ಊರಿಗೆಲ್ಲ ಹೇಳಿದ. ಹೇಳಲಿ ಎಂದೇ ನಾನು ಹೇಳಿದ್ದು.

ನೆಲ ಒಣಗಿದ ಮೇಲೆ ಒಂದು ದಿನ ಕಚೇರಿಯಿಂದ ಸ್ವಲ್ಪ ಬೇಗ ಬಂದೆ. ರಸ್ತೆಯ ತಿರುವಿನಲ್ಲೇ ನಗು ಕೇಳಿಸಿತು. ಕೋಣೆಯ ತುಂಬ ಹೆಂಗಸರು. ಐಸಮ್ಮ ಹಳೆಯ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ನನ್ನನ್ನು ಕಂಡು ಜೋರಾಗಿ ಹೇಳಿದರು:

"ಬಾ ಮೋನೆ! ಎರಡೆರಡು ಸಲ ಕಾಂಕ್ರೀಟು ಹಾಕಿಸಿದಿಯಂತೆ? ಅಕ್ಕಾ, ನಿನ್ನ ಹುಚ್ಚು ಈ ಹುಡುಗನಿಗೂ ಬಂತಲ್ಲ!"

"ಎಂತ ಮಾಡುವುದು ಮಾರಾಯ್ತಿ," ಎಂದರು ದೊಡ್ಡಮ್ಮ, ತಡ್ಪೆಯಿಂದ ತಲೆ ಎತ್ತದೆ. "ಸಾಕಿದ್ದು ನಾನಲ್ವಾ?"

ಕಾರು ಒಳಗೆ ತರುವುದಕ್ಕೆ ಏಳಬೇಕೋ ಎಂದು ಹೆಂಗಸರು ನನ್ನನ್ನೇ ನೋಡುತ್ತಿದ್ದರು. ನಾನು ಕಾರನ್ನು ಹಿಂದೆ ತೆಗೆದು, ಹಲಸಿನ ಮರದ ಅಡಿಯಲ್ಲೇ ನಿಲ್ಲಿಸಿ ಮನೆಗೆ ಹೋದೆ.