ನವಲೂರ ಏರಿನ್ಯಾಗ ನಿಲ್ಲೋ ಕಾರು

ಗ್ಯಾರೇಜ್ ಇಟ್ಟವನ ಬಾಳೇದಾಗ ನಗೋ ಪ್ರಸಂಗಕ್ಕ ಬರಗಾಲ ಇಲ್ಲರಿ. ಬಾನೆಟ್ ಎತ್ತಿದ್ರ ಎಂಜಿನ್ನಿನ ಜೋಡಿ ಆ ಮನಿ ಸಂಸಾರಾನೂ ಕಾಣತೈತಿ. ಧಾರವಾಡದಾಗ ನಮ್ಮ ಅಬ್ಬಾ ತೆರದ ಸಣ್ಣ ಗ್ಯಾರೇಜು ನಂದು. ಹ್ವಾದ ವರ್ಷ ಅಲ್ಲಿಗೆ ಪದೇ ಪದೇ ಬಂದದ್ದು ಒಂದು ಹಳೇ ಬಿಳಿ ಕಾರು. ಅದರ ಮಾಲಕರು ಕಾಳಿನ ವ್ಯಾಪಾರ ಮಾಡೋ ಕಾಕಾ. ಅವರ ಜೋಡಿ ತಪ್ಪದ ಬರೋರು ಅವರ ಮನಿಯವರು, ಕಾಕು. ಕಾರಿಗೆ ಒಂದ ರೋಗ. ಮನಿಯಿಂದ ಛಲೋ ಹೊಂಡತಿತ್ತು, ನಡುದಾರ್ಯಾಗ ಗಪ್ಪನ ನಿಂತ ಬಿಡತಿತ್ತು.

ಕಾಕಾಗ ಅವಸರ ಇತ್ತು. ಮಗಳು ಬಾಣಂತನಕ್ಕ ತವರಿಗೆ ಬಂದಿದ್ಲು. "ಮಿಸ್ತ್ರಿ, ಮಗಳು ಹುಟ್ಟಿದಾಗ ದವಾಖಾನಿಯಿಂದ ಮನಿಗೆ ಇದ ಕಾರಿನ್ಯಾಗ ಬಂದಾಳ. ಮೊಮ್ಮಗಳೂ ಹುಬ್ಬಳ್ಳಿಗೆ, ಅವರಪ್ಪನ ಮನಿಗೆ, ಇದರಾಗ ಹೋಗಬೇಕು" ಅಂತ ಹಟ ಹಿಡದಿದ್ರು. ಅಳಿಯ ಶಾಂತ ಮನಷ್ಯಾ, ಆದ್ರೂ ಒಂದ ಮಾತು ಖಡಕ್ಕಾಗಿ ಹೇಳಿದ್ದ. "ಮಾವಾರ, ಕೂಸಿನ್ನ ಕೂರಿಸಿಕೊಂಡು ಅದು ದಾರ್ಯಾಗ ನಿಂತ್ರ, ಮರುದಿನಾನ ಗುಜರಿಗೆ ಹಾಕೂದು ನೋಡ್ರಿ."

೧. ಗರಗದ ಬೂಚು

ಮೊದಲ ಸಲ ಬಂದಾಗ ಕಾರ್ಬುರೇಟರ್ ಬಿಚ್ಚಿದೆ. ಪೆಟ್ರೋಲು, ಗಾಳಿ ಕೂಡಿ ಎಂಜಿನ್ನಿಗೆ ಹೋಗೋದು ಅಲ್ಲಿಂದ. ಅದರ ಸಣ್ಣ ತೂತಿನ್ಯಾಗ ಬಿಳಿ ಎಳಿ ಸಿಕ್ಕಿದ್ವು. ಫಿಲ್ಟರ್ ತಗದ್ರ ಅದರಾಗೂ ಎಳಿ.

"ಕಾಕಾ, ನಿಮ್ಮ ಕಾರು ನೂಲಾಕತ್ತೇತೇನ್ರಿ?" ಅಂದೆ.

ಕಾಕಾ ಪೆಟ್ರೋಲ್ ಟಾಂಕಿ ತೋರಿಸಿದ್ರು. ಮುಚ್ಚಳ ಎಲ್ಲೋ ಕಳದಿತ್ತು. ಅದರ ಬದಲಿ ಅರಿವಿ ಉಂಡಿ ಮಾಡಿ ತುರುಕಿದ್ರು. ಅದರ ಎಳಿ ಬಿಚ್ಚಿ ಬಿಚ್ಚಿ ಒಳಗ ಬಿದ್ದಿದ್ವು.

"ಎಂಥಾ ಅರಿವಿ ತುರುಕೀರಿ ಕಾಕಾ! ಬೆಂಕಿ ಹತ್ತಿದ್ರ ಏನ್ ಮಾಡ್ತೀರಿ?"

ಕಾಕಾಗ ಅಪಮಾನ ಆತು. "ಎಂಥಾದ್ದು ಅಂದ್ರ? ಗರಗದ ಖಾದಿ ಅದು, ದೇಶದ ಬಾವುಟಕ್ಕ ಅರಿವಿ ನೇಯೋ ಊರಿಂದು! ನನ್ನ ಅಂಗಿಗೆ ಅಂತ ತಂದದ್ದನ್ನ ಹರದು ಹಾಕೇನಿ. ಕಾರಿಗೆ ನಾ ಏನೂ ಕಮ್ಮಿ ಮಾಡಿಲ್ಲ."

೨. ಪಂಪಿಗೆ ಮಜ್ಜಿಗಿ

ಟಾಂಕಿ ತೊಳದು, ಫಿಲ್ಟರ್ ಬದಲಿ ಮಾಡಿ, ಹೊಸಾ ಮುಚ್ಚಳ ಹಾಕಿ ಕೊಟ್ಟೆ. ಸ್ವಲ್ಪ ದಿನಕ್ಕ ಫೋನ್ ಬಂತು. "ಮತ್ತ ನಿಂತತೋ ಮಿಸ್ತ್ರಿ, ಹುಬ್ಬಳ್ಳಿ ದಾರ್ಯಾಗ, ನವಲೂರ ಏರಿನ್ಯಾಗ!" ನಾ ಹೋಗಿ ಮುಟ್ಟೂದ್ರಾಗ ಕಾರು ತಾನ ಚಾಲೂ ಆಗಿತ್ತು.

ಬ್ಯಾಸಗಿ ದಿನ. ಎಂಜಿನ್ನಿನ ಕಾವಿಗೆ ಪೈಪಿನ್ಯಾಗಿನ ಪೆಟ್ರೋಲು ಆವಿ ಆದ್ರ ಹಿಂಗ ನಿಲ್ಲತೈತಿ. "ನಿಂತಾಗ ಬಾನೆಟ್ಟಿನ್ಯಾಗಿನ ಪೆಟ್ರೋಲ್ ಪಂಪಿನ ಮ್ಯಾಲ ಒದ್ದಿ ಅರಿವಿ ಹಾಕ್ರಿ, ತಂಪಾತಂದ್ರ ಹೊಂಡತೈತಿ" ಅಂತ ದೊಡ್ಡ ಡಾಕ್ಟರ್ ಹಂಗ ಹೇಳಿ ಬಂದೆ.

ಮುಂದಿನ ಸಲ ಬಾನೆಟ್ ಎತ್ತಿದ್ರ ಒಗ್ಗರಣಿ ವಾಸನಿ. ಪಂಪಿನ ಮ್ಯಾಲ ಕರಿಬೇವು ಅಂಟಿತ್ತು!

"ಕಾಕು, ಏನ್ರಿ ಇದು?"

"ನೀರು ತೀರಿತ್ತಪಾ. ಕುಡ್ಯಾಕ ಒಯ್ದ ಮಜ್ಜಿಗಿ ಇತ್ತು, ಅರಿವಿ ಅದರಾಗ ಅದ್ದಿ ಹಾಕಿದೆ. ಬಿಸಲಾಗ ದಣದವರಿಗೆ ನೀರಿಗಿಂತ ಅದ ಛಲೋ ಅಲ್ಲೇನು?"

"ಕಾರು ಹೊಂಟಿತೇನ್ರಿ?"

"ಹೊಂಟಿತು. ಕಾರು ತಂಪಾತು, ಮಜ್ಜಿಗಿ ಸಿಗಲಿಲ್ಲಂತ ನಿಮ್ಮ ಕಾಕಾ ಬೆಂಕಿ ಆದ್ರು."

೩. ಹುಸ್ಸ್!

ಆಮ್ಯಾಲ ಪಂಪ್ ಬದಲಿ ಮಾಡಿದೆ, ಪೈಪ್ ಬದಲಿ ಮಾಡಿದೆ. ಆದ್ರೂ ಅದ ಏರು, ಅದ ಹಾಡು. ಮಗಳನ್ನ ಕಳಸೂ ದಿನ ಹತ್ರ ಬಂತು. ಕಾಕಾ ಬಂದು ಸ್ಟೂಲ್ ಮ್ಯಾಲ ಕುಂತು, "ಹೋಗಲಿ ಬಿಡೋ, ಟ್ಯಾಕ್ಸಿ ಹೇಳತೇನಿ" ಅಂದ್ರು. ಆ ದನಿ ಕೇಳಿ ನಾ ಕೈ ಒರಸಿಕೊಂಡು ಎದ್ದೆ. "ಇವತ್ತ ನಾನೂ ಬರತೇನಿ, ನಡೀರಿ ಕಾಕಾ" ಅಂದೆ.

ಕಾಕಾ, ಕಾಕು, ನಾನು ಹೊಂಟ್ವಿ. ನವಲೂರ ಏರಿನ್ಯಾಗ ಕಾರು ಕೆಮ್ಮಿ ನಿಂತು ಬಿಟ್ಟತು. ನಾ ಬಾನೆಟ್ಟಿನ್ಯಾಗ ತಲಿ ಹಾಕಿದೆ. ಕಾಕು "ಪೆಟ್ರೋಲರ ಐತೋ ಇಲ್ಲೋ ನೋಡತೇನಿ" ಅಂತ ಹಿಂದ ಹೋಗಿ ಟಾಂಕಿ ಮುಚ್ಚಳ ತಗದ್ರು. ಹುಸ್ಸ್! ಅಂತು.

"ಅಯ್ಯ ಶಿವನ! ಇದು ಉಸಿರು ಬಿಟ್ಟತಲ್ಲಪಾ!"

ಕಾಕಾ ಕೀಲಿ ತಿರುವಿದ್ರ ಕಾರು ಚಾಲೂ ಆತು. ನಾ ಓಡಿ ಹೋಗಿ ಮುಚ್ಚಳ ಇಸ್ಕೊಂಡು ನೋಡಿದೆ. ಪೆಟ್ರೋಲು ಕಮ್ಮಿ ಆದಂಗ ಟಾಂಕ್ಯಾಗ ಗಾಳಿ ಹೋಗಬೇಕು, ಇಲ್ಲಾಂದ್ರ ಪೆಟ್ರೋಲು ಮುಂದ ಬರೂದಿಲ್ಲ. ಅದಕ್ಕಂತ ಮುಚ್ಚಳಕ್ಕ ಒಂದ ಸಣ್ಣ ತೂತು ಇರತೈತಿ. ಆ ತೂತಿನ ಮ್ಯಾಲ ದಪ್ಪಗ ವಿಭೂತಿ ಒಣಗಿ ಕುಂತಿತ್ತು. ಒಂದಿಷ್ಟ ಹೊತ್ತು ನಿಂತ್ರ ಹೆಂಗೋ ಚೂರು ಗಾಳಿ ನುಗ್ಗಿ ಕಾರು ಮತ್ತ ಹೊಂಡತಿತ್ತು. ನನ್ನ ಒದ್ದಿ ಅರಿವಿ ಮಹಿಮಾ ಏನೂ ಇದ್ದಿದ್ದಿಲ್ಲ!

"ಕಾಕು, ಇದನ್ನ ಯಾರು ಹಚ್ಚಿದ್ರು?"

"ನಾನ. ಹೊಸಾ ಸಾಮಾನಿಗೆ ಪೂಜಿ ಮಾಡಬೇಕಲ್ಲ? ದಾರ್ಯಾಗ ನಿಂದ್ರಬಾರದು ಅಂತ ಸೋಮಾರಕ್ಕೊಮ್ಮೆ ಹಚ್ಚತೇನಿ." ಅಷ್ಟು ಅಂದು ಕಾಕು ನನ್ನ ಮಾರಿ ನೋಡಿದ್ರು. ತಿಳೀತು ಅವರಿಗೆ. ಕಣ್ಣಾಗ ನೀರು ಬಂದ್ವು. "ಅಂದ್ರ ನಾನ ನಿಂದರಿಸೇನೇನಪಾ?"

ಕಾಕಾ ಅವರ ಹತ್ರ ಹೋಗಿ ಮೆಲ್ಲಕ ಅಂದ್ರು. "ಅಳಬ್ಯಾಡ. ಉಸಿರು ಕಟ್ಟೂಹಂಗ ಪ್ರೀತಿ ಮಾಡತಿ ನೀ. ನನಗ ರೂಢಿ ಆಗೇತಿ, ಪಾಪ, ಕಾರಿಗೆ ಆಗಿಲ್ಲ."

೪. ಕೂಸಿನ ಸವಾರಿ

ಮಗಳನ್ನ ಕಳಸೂ ದಿನ ಬಂತು. ಕಾಕು ಈ ಸಲ ಬಾನೆಟ್ಟಿಗಷ್ಟ ವಿಭೂತಿ ಹಚ್ಚಿದ್ರು. ನನ್ನ ಹಣಿ ಮುಂದ ಬೆರಳು ತಂದು ತಡದ್ರು. "ನಮ್ಮ ವಿಭೂತಿ ನಿನಗ ನಡೀತತೇನಪಾ?"

"ಹಚ್ಚರಿ ಕಾಕು, ಮೂಗು ಮುಚ್ಚಬ್ಯಾಡ್ರಿ ಅಷ್ಟ" ಅಂದೆ. ಕಾಕು ನಕ್ಕ ನಕ್ಕ ಹಚ್ಚಿದ್ರು.

ಕಾರಿನ್ಯಾಗ ಕಾಕಾ, ಕಾಕು, ಮಗಳು, ಕೂಸು. ಏನರ ಆದ್ರ ಇರಲಿ ಅಂತ ಹಿಂದಿಂದ ಸ್ಕೂಟರ್ ಮ್ಯಾಲ ನಾನು, ರಿಪೇರಿಗೆ ಪಾನಾ-ಪಕ್ಕಡ ಕಟ್ಟಿಕೊಂಡು. ನವಲೂರ ಏರು ಬಂದಾಗ ನಾ ಸ್ಕೂಟರ್ ಇನ್ನೂ ಹತ್ರ ತಂದೆ. ಕಾರು ಸರ್ರನ ಏರಿ ಆಚಿ ಇಳೀತು. ರಾಯಾಪುರ ದಾಟಿತು, ನವನಗರ ದಾಟಿತು. ಖುಷಿ ತಡೀಲಾರದ ನಾ ಹಾರ್ನ್ ಹೊಡಕೋತ ಹೊಂಟಿದ್ದೆ.

ಉಣಕಲ್ ಕೆರಿ ಹತ್ರ ಅಳಿಯ ಎದುರುಗೊಳ್ಳಾಕ ಬಂದಿದ್ದ. ಅವ ನೋಡಿದ್ದು ಇಷ್ಟು. ಕಾರು ರಸ್ತೆ ಬದಿಗೆ ನಿಂತೈತಿ, ಕಾಕಾ ಕೆಳಗ ಇಳದಾರ, ಮಿಸ್ತ್ರಿ ಬೆವತು ನಿಂತಾನ. ಅವನ ಮಾರಿ ಸಣ್ಣದಾತು.

"ಮಾವಾರ, ಮತ್ತ ಕೈ ಕೊಡ್ತೇನ್ರಿ?"

"ಕಾರಿಗೆ ಏನಾಗೇತಿ? ಅದು ಹುಲಿ ಇದ್ದಂಗ ಐತಿ!" ಕಾಕಾ ಎದಿ ಉಬ್ಬಿಸಿದ್ರು. "ಮಿಸ್ತ್ರಿ ಸ್ಕೂಟರಿನ್ಯಾಗ ಪೆಟ್ರೋಲ್ ತೀರೇತಿ."

ಖರೇನ ತೀರಿತ್ತು. ಕಾರಿನ ಚಿಂತ್ಯಾಗ ನನ್ನ ಸ್ಕೂಟರಿಗೆ ಹಾಕಿಸೂದ ಮರತಿದ್ದೆ. ನಾಚಿಕಿಯಿಂದ ತಲಿ ತಗ್ಗಿಸಿದೆ. ಕಾಕಾ ನನಗ ಕಾರಿನ ಬಾಗಲಾ ತೆರದು, ಅಳಿಯಗ ಕೇಳೂಹಂಗ ಜೋರಾಗಿ ಅಂದ್ರು:

"ಬಾ, ಒಳಗ ಕೂಡು. ನಮ್ಮ ಕಾರು ಯಾರನ್ನೂ ನಡುದಾರ್ಯಾಗ ಬಿಟ್ಟು ಹೋಗೂದಿಲ್ಲ."