ನಳಿನಾಕ್ಷಿಯವರ ಐದನೇ ಅಧ್ಯಾಯ

ಅಂತರರಾಷ್ಟ್ರೀಯ ಕಾನೂನು ಎಲ್ಲ ದೇಶಗಳಿಗೂ ಒಂದೇ ಆಗಿರುವುದರಿಂದ ಅದರ ವಿದ್ವತ್ತೂ ಒಂದೇ ಆಗಿರತಕ್ಕದ್ದು ಎಂದು ನವಿ ಮುಂಬಯಿಯ ಕೋಪರಖೈರಣೆಯ ನಮ್ಮ ಕಾನೂನು ಕಾಲೇಜಿನ ಸಂಶೋಧನಾ ಸಮಿತಿಯು ೨೦೧೧ರಲ್ಲಿ ಸರ್ವಾನುಮತದಿಂದ ತೀರ್ಮಾನಿಸಿತು.

ಅಷ್ಟರಲ್ಲಿ ಉಪನ್ಯಾಸಕಿ ನಳಿನಾಕ್ಷಿ ಆ ವಿದ್ವತ್ತು ದೇಶದಿಂದ ದೇಶಕ್ಕೆ ಬೇರೆ ಬೇರೆ ಎಂದು ಪಿಎಚ್‌ಡಿ ಪ್ರಬಂಧ ಬರೆದಾಗಿತ್ತು. ಒಂಬತ್ತು ವರ್ಷಗಳಿಂದ ಅವರು ಹಂಗಾಮಿ. ಮಾರ್ಚ್‌ನೊಳಗೆ ಪದವಿ ಬಾರದಿದ್ದರೆ ಕೆಲಸವಿಲ್ಲ.

ಫ್ರೆಂಚರು ಸಿದ್ಧಾಂತದಿಂದ ಶುರು ಮಾಡುತ್ತಾರೆ, ಅಮೆರಿಕದವರು ತಮ್ಮ ಕೋರ್ಟಿನ ತೀರ್ಪಿನಿಂದ, ಎಂಬಂಥ ನಾಲ್ಕು ಅಧ್ಯಾಯಗಳನ್ನು ಸಮಿತಿ ಕ್ಷಮಿಸಿತು. ನಾವು ಮಾತ್ರ ನಮ್ಮನ್ನು ಕೇಳದೆ ಬರೆದ ಒಪ್ಪಂದಗಳಿಂದ ಶುರು ಮಾಡಬೇಕಾಯಿತು ಎಂಬ ಐದನೆಯದು ಸಿಕ್ಕಿಬಿತ್ತು.

“ಇದನ್ನು ಹೊರಗಿನವರು ಯಾರಾದ್ರೂ ಹೇಳಿದ್ದಾರಾ ಮೇಡಂ?” ಎಂದರು ಅಧ್ಯಕ್ಷ ಡಾ. ಸಂಕರ್ಷಣ.

“ನಾನೇ ಹೇಳ್ತಿದ್ದೇನೆ ಸಾರ್.”

“ನೀವು ಹೇಳಿದ್ರೆ ಅನಿಸಿಕೆ. ಅವರು ಹೇಳಿದ್ರೆ ಆಧಾರ. ನಿಯಮ ಹನ್ನೆರಡು.”

“ತೆಗೆದುಬಿಡು ಮಾರಾಯ್ತಿ,” ಎಂದರು ಪಕ್ಕದ ಕೋಪರಿಯ ಹೋಟೆಲಿನಲ್ಲಿ ಮ್ಯಾನೇಜರಾಗಿದ್ದ ಗಂಡ ದಯಾನಂದ.

“ಅದೊಂದೇ ನಾನು ಬರೆದದ್ದು. ಉಳಿದದ್ದೆಲ್ಲ ಅವರವರದ್ದೇ ಒಟ್ಟು ಮಾಡಿದ್ದು,” ಎಂದು ನಳಿನಾಕ್ಷಿ ಅತ್ತರು.

ಹೀಗೆ ಯಾರಾದರೂ ಹೇಳಿದ್ದುಂಟೇ ಎಂದು ಕೇಳಿ ಅಧ್ಯಾಯವನ್ನು ಜರ್ಮನಿಯ ಪ್ರೊಫೆಸರರೊಬ್ಬರಿಗೆ ಮೇಲ್ ಮಾಡಿದರು. ಪ್ರೊಫೆಸರರು ಬಹಳ ಸಂತೋಷಪಟ್ಟು, ಡಿಸೆಂಬರಿನಲ್ಲಿ ಒಂದು ಲೇಖನ ಬರೆದು ಅದನ್ನು ತಾವೇ ಹೇಳಿದರು. ಲೇಖನದ ಅಡಿಯಲ್ಲಿ ‘ಮುಂಬಯಿಯ ಶ್ರೀ ನಳಿನ್ ಅವರಿಗೆ ವಂದನೆ’ ಎಂದಿತ್ತು.

ನಳಿನಾಕ್ಷಿ ಒಂದಕ್ಷರವನ್ನೂ ಬದಲಿಸದೆ, ಪ್ರತಿ ವಾಕ್ಯದ ಕೆಳಗೆ ಜರ್ಮನಿಯ ಪ್ರೊಫೆಸರರ ಹೆಸರು ಹಾಕಿ ಅದೇ ಅಧ್ಯಾಯವನ್ನು ಮತ್ತೆ ಕೊಟ್ಟರು.

“ಅಬ್ಬಾ! ಅಲ್ಲಿ ಕೂತು ನಮ್ಮ ದೇಶವನ್ನು ಎಷ್ಟು ಸರಿಯಾಗಿ ತಿಳಿದಿದ್ದಾರೆ!” ಎಂದು ಡಾ. ಸಂಕರ್ಷಣ ಕನ್ನಡಕ ಒರೆಸಿಕೊಂಡರು.

ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಕೇಳಿದ್ದು ಒಂದೇ ಪ್ರಶ್ನೆ: “ಇದರಲ್ಲಿ ನಿಮ್ಮ ಸ್ವಂತದ್ದು ಏನಾದರೂ ಸೇರಿಕೊಂಡಿದೆಯೇ?”

ನಳಿನಾಕ್ಷಿ ಗೋಡೆಯ ಕ್ಯಾಲೆಂಡರ್ ನೋಡಿದರು. ಮಾರ್ಚ್‌ಗೆ ಹನ್ನೊಂದು ದಿನವಿತ್ತು.

“ಇಲ್ಲ ಸಾರ್.”

“ಪರಿಶುದ್ಧ ಸಂಶೋಧನೆ,” ಎಂದು ಷರಾ ಬರೆದು ಪದವಿ ಕೊಟ್ಟರು. ಕೆಲಸ ಕಾಯಂ ಆಯಿತು.

ಈ ಯಶಸ್ಸಿನಿಂದ ಪ್ರೇರಿತವಾದ ಕಾಲೇಜು ಸುತ್ತೋಲೆ ಹೊರಡಿಸಿತು: ‘ಅಧ್ಯಾಪಕರು ತಮಗೆ ಹೊಳೆದ ವಿಚಾರಗಳನ್ನು ಪ್ರತಿ ತಿಂಗಳ ಮೊದಲ ಸೋಮವಾರ ವಿದೇಶಕ್ಕೆ ರವಾನಿಸತಕ್ಕದ್ದು. ಆರು ತಿಂಗಳಲ್ಲಿ ಮರಳಿ ಬಾರದ ವಿಚಾರಗಳನ್ನು ಹೊಳೆದಿಲ್ಲವೆಂದೇ ಪರಿಗಣಿಸಲಾಗುವುದು.’

ಯಾರೂ ಆಕ್ಷೇಪಿಸಲಿಲ್ಲ. ರವಾನೆ ವಿಭಾಗದ ಮುಖ್ಯಸ್ಥೆಯಾಗಿ ಡಾ. ನಳಿನಾಕ್ಷಿ ಅಧಿಕಾರ ವಹಿಸಿಕೊಂಡಿದ್ದಾರೆ. ಸೋಮವಾರಗಳಂದು ಅವರ ಕೋಣೆಯೆದುರು ಉದ್ದ ಸಾಲಿರುತ್ತದೆ.