ಊಟದ ಮೇಜಿನ ಮೇಲೆ ರಾಜನ ಯುದ್ಧ

ನಾನು ಓದಿದ್ದು ಮೂರನೇ ಕ್ಲಾಸು. ಆದ್ರೆ ರಿಪ್ಪನ್‌ಪೇಟೆಯ ನಮ್ಮ ಬೀದೀಲಿ ಕಣ್ಣು ಕಿವಿ ತೆರೆದು ಕೂತ್ರೆ ಸಾಕು, ವಾರಕ್ಕೊಂದು ತಮಾಷೆ ತಾನಾಗಿ ಬಂದು ಬೀಳುತ್ತೆ. ಎದುರುಮನೆ ಚರಿತ್ರೆ ಮೇಷ್ಟ್ರು ರಿಟೈರಾದ ಮೇಲಂತೂ ನಾನು ಟೀವಿ ಹಾಕೋದೇ ಬಿಟ್ಟಿದ್ದೀನಿ.

ಗೊಂಬೆ

ಒಂದಿನ ನೋಡ್ತೀನಿ, ಮೇಷ್ಟ್ರೂ ಅವರ ದೋಸ್ತಿ ರಿಟೈರ್ಡ್ ದನದ ಡಾಕ್ಟ್ರೂ ಊಟದ ಮೇಜಿಗೆ ಬಗ್ಗಿ, ಕೊರಿಯರಲ್ಲಿ ಬಂದ ಹೆಬ್ಬೆಟ್ಟಿನಷ್ಟು ಗೊಂಬೆಗಳಿಗೆ ಬಣ್ಣ ಬಳೀತಿದ್ದಾರೆ. ತಡೆಯೋಕಾಗ್ಲಿಲ್ಲ. ಹೆಪ್ಪಿಗೆ ಮಜ್ಜಿಗೆ ಕೇಳೋ ನೆಪ ಮಾಡಿ ಒಳಗೆ ಹೋದೆ.

"ಇಂಗ್ಲೆಂಡಿನ ಯುದ್ಧ ಅಜ್ಜಿ, ನಾನೂರು ವರ್ಷದ ಹತ್ತಿರ ಆಯ್ತು," ಅಂದ್ರು ಮೇಷ್ಟ್ರು. "ಎದೆ ಮೇಲೆ ಕೆಂಪು ಪಟ್ಟಿಯವರು ರಾಜನ ಕಡೆ, ನಂದು. ಕಿತ್ತಳೆ ಪಟ್ಟಿಯವರು ಪಾರ್ಲಿಮೆಂಟಿನ ಕಡೆ, ಡಾಕ್ಟ್ರದ್ದು. ದಾಳ ಹಾಕಿ ಕಾದಾಡೋದು."

"ಅದು ಊಟದ ಮೇಜು," ಅಂತ ಅಡುಗೆಮನೆ ಬಾಗಿಲಿಂದ ಮೇಷ್ಟ್ರ ಹೆಂಡ್ತಿ ಗೊಣಗಿದ್ಳು. ಯಾರು ಕೇಳ್ತಾರೆ?

"ಆ ಯುದ್ಧ ಕೊನೇಗೆ ಎಂತಾಯ್ತು?" ಅಂದೆ.

"ರಾಜ ಸೋತ. ತಲೆ ತೆಗೆದ್ರು."

"ಮುಗಿದುಹೋದದ್ದಕ್ಕೆ ಮತ್ತೆ ಯಾಕೆ ಮಾರಾಯ್ರೇ?"

"ಈ ಸಲ ಗೆಲ್ಬೋದಲ್ಲ!"

ಬದುಕಿದ್ದಾಗ ಇಷ್ಟು ನಿಯತ್ತಿನವನು ಒಬ್ಬ ಸಿಕ್ಕಿದ್ದಿದ್ರೆ ಆ ರಾಜನ ತಲೆ ಉಳೀತಿತ್ತೇನೋ.

ಕುದುರೆ

ಗೊಂಬೆ ಕುದುರೆ ಎಷ್ಟು ದೂರ ಓಡ್ಬೇಕು ಅಂತ ಟೈಲರ್ ಟೇಪಲ್ಲಿ ಅಳೀತಾರೆ. ಒಂದು ಭಾನುವಾರ ಅರ್ಧ ಬೆರಳಿಗೆ ಜಗಳ ಹತ್ತಿತು.

"ಕುದುರೆ ವಿಷಯ ನನಗೆ ಹೇಳ್ಬೇಡಿ. ಮೂವತ್ತು ವರ್ಷ ಬಾಲ ಎತ್ತಿ ನೋಡಿದವನು ನಾನು!" ಅಂದ್ರು ಡಾಕ್ಟ್ರು.

"ನೀವು ನೋಡಿದ್ದೆಲ್ಲ ಎಮ್ಮೆ ಬಾಲ!"

ಡಾಕ್ಟ್ರು ಚಪ್ಪಲಿ ಮೆಟ್ಟಿ ಹೋದವರು ಮೂರು ವಾರ ಈ ಕಡೆ ತಲೆ ಹಾಕ್ಲಿಲ್ಲ. ಸೈನ್ಯ ಮಾತ್ರ ಮೇಜಿನ ಮೇಲೆ ನಿಂತಲ್ಲೇ ನಿಂತಿತ್ತು.

ನಾನು ಹಿಟ್ಟಿನ ಗಿರಣೀಲಿ ಹೇಳಿದ್ದು ಇಷ್ಟೇ: "ಮೇಷ್ಟ್ರ ಮನೇಲಿ ಕುದುರೆ ವಿಷಯಕ್ಕೆ ಗಲಾಟೆ." ಸುದ್ದಿ ಹೊಸನಗರದ ಬಸ್ಸು ಹತ್ತಿತು. ಮರುದಿನ ಅಲ್ಲಿಂದ ಒಬ್ಬ ಬಂದೇಬಿಟ್ಟ. "ಮಗನ ಮದುವೆ ಮೆರವಣಿಗೆಗೆ ನಿಮ್ಮ ಕುದುರೆ ಕೊಡ್ತೀರಾ?"

ಮೇಷ್ಟ್ರು ಒಂದನ್ನ ಅಂಗೈ ಮೇಲಿಟ್ಟು ತಂದು ತೋರಿಸಿದ್ರು. ಆತ ಕನ್ನಡಕ ಸರಿ ಮಾಡ್ಕೊಂಡು ನೋಡಿ, "ನಮ್ಮ ಹುಡುಗ ಸ್ವಲ್ಪ ದಪ್ಪ," ಅಂದು ಹೊರಟ.

ಆಯುಧಪೂಜೆ

ನಗು ನಮಗೆ, ಸಂಕಟ ಮೇಷ್ಟ್ರ ಹೆಂಡ್ತಿಗೆ. ಆರು ತಿಂಗಳಿಂದ ಗಂಡ ಹೆಂಡ್ತಿ ನೆಲದ ಮೇಲೆ ಊಟ. ಈಗ ವಿಜಯದಶಮಿಗೆ ಮಗಳ ಅತ್ತೆ ಮೊದಲ ಸಲ ಊಟಕ್ಕೆ ಬರ್ತಾರೆ.

"ಬೀಗಿತ್ತಿಗೆ ಮಂಡಿ ಮಡಚೋಕಾಗಲ್ಲ ಅಜ್ಜಿ. ಮೇಜು ಬಿಡಿ ಅಂದ್ರೆ, ಯುದ್ಧ ಮುಗಿಯೋ ತನಕ ಒಂದು ಗೊಂಬೆ ಅಲ್ಲಾಡೋ ಹಾಗಿಲ್ಲ ಅಂತಾರೆ. ಅವರನ್ನ ಎಲ್ಲಿ ಕೂರಿಸ್ಲಿ?" ಅಂತ ಕಣ್ಣಲ್ಲಿ ನೀರು ತಂದ್ಕೊಂಡ್ಳು.

ದಶಮಿ ಹಿಂದಿನ ದಿನ ಬೆಳಿಗ್ಗೆ ಹೋದ್ರೆ ಸ್ಕೂಟರಿಗೆ, ಮಿಕ್ಸಿಗೆ ಕುಂಕುಮ ಇಡ್ತಿದ್ಳು.

"ಮನೇಲಿ ಬಂದೂಕು ಫಿರಂಗಿ ಇಟ್ಕೊಂಡು ಮಿಕ್ಸಿಗೆ ಆಯುಧಪೂಜೆ ಮಾಡ್ತೀಯಲ್ಲೇ!" ಅಂದೆ ತಮಾಷೆಗೆ. ಅವಳು ನಗ್ಲಿಲ್ಲ. ಮೇಜಿನ ಕಡೆ ಒಮ್ಮೆ ನೋಡಿ, ಕುಂಕುಮ ಕಲಸೋಕೆ ಎಣ್ಣೆ ಗಿಂಡಿ ಹುಡುಕ್ತಾ ಎದ್ದು ಹೋದ್ಳು.

ಮಧ್ಯಾಹ್ನ, ರಾಜಿಯಾಗಿದ್ದ ಡಾಕ್ಟ್ರು ಬಂದು ಮೇಜು ನೋಡಿ ಬೊಬ್ಬೆ ಹೊಡೆದ್ರು: "ನನ್ನ ಸೈನ್ಯ ಎಲ್ಲಿ?"

ಗೊಂಬೆಗಳೆಲ್ಲ ಮಿಂದು ಮಡಿಯಾಗಿ ದೇವರ ಮುಂದೆ ಹರಿವಾಣದಲ್ಲಿ ಸಾಲಾಗಿ ನಿಂತಿದ್ವು. ಎಲ್ಲರ ಎದೆ ಮೇಲೂ ಕೆಂಪು! ಕಿತ್ತಳೆಯವನು ಒಬ್ಬನೂ ಇಲ್ಲ. ಡಾಕ್ಟ್ರು ಕರ್ಚೀಫು ತೆಗೆದ್ರು.

"ದೇವರ ಮುಂದಿನ ಕುಂಕುಮ ಒರೆಸ್ತೀರಾ ಡಾಕ್ಟ್ರೇ?" ಅಂದ್ಳು ಅವಳು. ಪಾಪ, ಕರ್ಚೀಫು ಮತ್ತೆ ಜೇಬಿಗೆ.

"ಎಲ್ಲ ರಾಜನ ಕಡೆ ಬಂದ್ರು! ನಾನು ಗೆದ್ದೆ!" ಅಂತ ಮೇಷ್ಟ್ರು ಕುಣಿದ್ರು.

"ಹಾಗಾದ್ರೆ ಯುದ್ಧ ಮುಗೀತಲ್ಲ," ಅಂದವಳೇ ಮೇಜು ಒರೆಸಿ, ಮೇಲೆ ಬಟ್ಟೆ ಹಾಸಿದ್ಳು.

ಮರುದಿನ ಬೀಗಿತ್ತಿ ಕುರ್ಚೀಲಿ ಕಾಲು ಚಾಚಿ ಕೂತು, ಎರಡು ಹೋಳಿಗೆ ಜಾಸ್ತೀನೇ ಹಾಕಿಸ್ಕೊಂಡ್ರು. ಬಡಿಸಿ ಮುಗಿದ ಮೇಲೆ ನಾನು ಮೆಲ್ಲಗೆ ಕೇಳಿದೆ: "ಅಷ್ಟೂ ಗೊಂಬೆಗೆ ಕುಂಕುಮ ಹಚ್ಚಿ ಕೈ ನೋಯ್ಲಿಲ್ವೇನೇ?"

"ಎಲ್ಲದಕ್ಕೂ ಯಾರು ಹಚ್ತಾರೆ ಅಜ್ಜಿ?" ಅಂದ್ಳು. "ರಾಜನ ಕಡೆಯವರಿಗೆ ಮೊದಲೇ ಕೆಂಪಿತ್ತಲ್ಲ."